ತೊಳೆಯುವವರು ಯಾರು?

ಬಸವನಗುಡಿಯ ದರ್ಶಿನಿಯೊಂದರಲ್ಲಿ ದಿನವೂ ಬೆಳಿಗ್ಗೆ ಏಳಕ್ಕೆ ಸೇರುವ ನಾವು ನಾಲ್ವರಲ್ಲಿ ಪರಿಸರವಾದಿ ಎಂದು ಕರೆಸಿಕೊಳ್ಳುವ ಯೋಗ್ಯತೆ ಯಾರಿಗೂ ಇರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ರಾಯರಿಗೆ ಲೆಕ್ಕ ತಪ್ಪಬಾರದೆಂಬ ಹಟ. ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಮೇಷ್ಟರಿಗೆ ಕಂಡದ್ದನ್ನೆಲ್ಲ ಸುಟ್ಟು ನೋಡಬೇಕೆಂಬ ಚಪಲ. ಕೊಳಾಯಿ ಕೆಲಸದ ಗುತ್ತಿಗೆ ಹಿಡಿದು ಬದುಕಿದ ಗೌಡರಿಗೆ ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ತಮ್ಮ ಹೊಟ್ಟೆಯಲ್ಲೇ ಸಂಕಟ. ನನಗಾದರೋ ಬೈ-ಟು ಕಾಫಿಯ ದೊಡ್ಡ ಪಾಲು ಯಾರ ಕಡೆಗೆ ಹೋಯಿತೆಂಬುದಷ್ಟೇ ಚಿಂತೆ. ಇಂಥ ನಾವು, ಒಂದು ದಿನ ಕಾಫಿಯು ಸ್ಟೀಲ್ ಲೋಟದ ಬದಲು ಕಾಗದದ ಕಪ್ಪಿನಲ್ಲಿ ಬಂದದ್ದೇ ತಡ, ನಾಲ್ವರೂ ಒಟ್ಟಿಗೆ ಪರಿಸರವಾದಿಗಳಾಗಿಬಿಟ್ಟೆವು.

"ಕಾಗದ ತಾನೇ, ಮಣ್ಣಿಗೆ ಬಿದ್ದರೆ ಮಣ್ಣಾಗುತ್ತದೆ, ಕುಡಿಯಿರಿ" ಎಂದು ಗೌಡರು ಸಮಾಧಾನ ಹೇಳಹೊರಟರು. ಮೇಷ್ಟರು ಉತ್ತರವನ್ನೇ ಕೊಡದೆ ತಮ್ಮ ಕಪ್ಪನ್ನು ಬರಿದುಮಾಡಿ, ನಿಧಾನವಾಗಿ ಸಿಗಿದು, ಒಳಮೈಯಿಂದ ಹಾವಿನ ಪೊರೆಯಂಥ ತೆಳುವಾದ ಪದರವೊಂದನ್ನು ಎಳೆದು ಬೆಳಕಿಗೆ ಹಿಡಿದರು. "ಇದು ಪಾಲಿಥೀನ್. ಇದಿಲ್ಲದಿದ್ದರೆ ನಿಮ್ಮ ಕಾಫಿ ಇಷ್ಟು ಹೊತ್ತಿಗೆ ನಿಮ್ಮ ಪಂಚೆಯ ಮೇಲಿರುತ್ತಿತ್ತು. ಖರಗ್‌ಪುರದ ಐಐಟಿಯವರು 2020ರಲ್ಲೇ ಪರೀಕ್ಷೆ ಮಾಡಿ ಹೇಳಿದ್ದಾರೆ: ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿ ದ್ರವ 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಅದರೊಳಗೆ ಇಳಿಯುತ್ತವೆ."

"ಒಂದು ಕಾಫಿಯನ್ನು 15 ನಿಮಿಷ ಕುಡಿಯುವವರು ಲೋಕದಲ್ಲಿ ಯಾರಿದ್ದಾರೆ?" ಎಂದು ನಾನು ಕೇಳಿದೆ. ಮೂವರೂ ನನ್ನನ್ನು ನೋಡಿದರು. ಪರೀಕ್ಷೆ ನಡೆದದ್ದು ನಮ್ಮಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಎಂಬುದು ನನಗೆ ಆಗಲೇ ಹೊಳೆದದ್ದು.

"ಬೈ-ಟು ಆದುದರಿಂದ ತಲೆಗೆ ಹನ್ನೆರಡೂವರೆ ಸಾವಿರ" ಎಂದು ರಾಯರು ಲೆಕ್ಕ ಮುಗಿಸಿ, ಗಲ್ಲಾಪೆಟ್ಟಿಗೆಯ ಹಿಂದಿದ್ದ ಶೆಟ್ಟರನ್ನು ಕರೆದರು.

ಶೆಟ್ಟರ ಮೇಲೆ ನಾವು ಹೊರಿಸಿದ ಆರೋಪ ದೊಡ್ಡದು. ಆದರೆ ಅವರ ಉತ್ತರವೂ ಸಣ್ಣದಾಗಿರಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಕೈಕೊಟ್ಟು, ಟ್ಯಾಂಕರ್ ನೀರಿಗೆ ಬಾಯಿಗೆ ಬಂದ ಬೆಲೆಯಾಗಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ್ದ ಆ ದಿನಗಳಲ್ಲಿ, ಹಲವು ಹೋಟೆಲುಗಳು ಪಾತ್ರೆ ತೊಳೆಯುವ ನೀರನ್ನು ಉಳಿಸಲೆಂದೇ ಎಸೆಯುವ ತಟ್ಟೆ ಲೋಟಗಳಿಗೆ ಶರಣಾದವು. "ನೀರು ಉಳಿಸಿದರೆ ಪ್ಲಾಸ್ಟಿಕ್, ಪ್ಲಾಸ್ಟಿಕ್ ಬಿಟ್ಟರೆ ನೀರು. ನೀವೇ ಹೇಳಿ ಸ್ವಾಮಿ, ನಾನು ಯಾವ ಪರಿಸರವನ್ನು ಉಳಿಸಲಿ?" ಎಂದು ಶೆಟ್ಟರು ಕೈಮುಗಿದರು. ಈಗ ಕಾವೇರಿ ಐದನೆಯ ಹಂತವೂ ಬಂದಾಯಿತಲ್ಲ ಎಂದು ಗೌಡರು ಜಗ್ಗಿದಾಗ ಅವರು ದನಿ ತಗ್ಗಿಸಿ ನಿಜ ಹೇಳಿದರು: "ನೀರು ಬಂತು. ಲೋಟ ತೊಳೆಯುತ್ತಿದ್ದ ಹುಡುಗ ಊರಿಗೆ ಹೋದವನು ಬರಲಿಲ್ಲ. ತೊಳೆಯುವವರು ಯಾರು?"

ಈ ಪ್ರಶ್ನೆಯನ್ನು ನಾವು ಹಗುರಾಗಿ ತೆಗೆದುಕೊಂಡೆವು. ನಕ್ಕೂಬಿಟ್ಟೆವು. ಅದು ನಮ್ಮನ್ನೇ ಹುಡುಕಿಕೊಂಡು ಬರಲಿದೆ ಎಂಬುದು ತಿಳಿದಿದ್ದರೆ ನಾನಂತೂ ಅಂದೇ ಕಾಫಿ ಬಿಟ್ಟು ಕಷಾಯಕ್ಕೆ ಬದಲಾಗುತ್ತಿದ್ದೆ.

ಆ ವಾರವೇ ರಾಯರು ತಮ್ಮ ಎಪ್ಪತ್ತನೆಯ ವರ್ಷದ ಭೀಮರಥ ಶಾಂತಿಯ ಸುದ್ದಿ ತೆಗೆದರು. ಮುನ್ನೂರು ಜನಕ್ಕೆ ಊಟ. ಅವರ ಪತ್ನಿ ಪದ್ಮಕ್ಕನವರ ಷರತ್ತು ಒಂದೇ: ಛತ್ರದಿಂದ ಹೊರಗೆ ಹೋಗುವ ಕಸವು ಒಂದು ಬುಟ್ಟಿಯನ್ನು ಮೀರಬಾರದು. ಪದ್ಮಕ್ಕ ಮಾತಿಗೆ ಹೇಳುವವರಲ್ಲ. ಬೆಂಗಳೂರಿನಲ್ಲೇ 2006ರಲ್ಲಿ ಹುಟ್ಟಿದ ಡೈಲಿ ಡಂಪ್ ಸಂಸ್ಥೆಯವರು ಮಾಡುವ 'ಕಂಬ' ಎಂಬ ಮೂರು ಮಡಕೆಗಳ ಗೋಪುರವನ್ನು ವರಾಂಡದಲ್ಲಿಟ್ಟು ವರ್ಷಗಳಿಂದ ಗೊಬ್ಬರ ಮಾಡುತ್ತಿರುವವರು ಅವರು. ಮೊದಲ ಮಳೆಗಾಲದಲ್ಲಿ ಮಡಕೆಯಿಂದ ಹುಳುಗಳು ಹೊರಟು ರಾಯರ ದಿನಪತ್ರಿಕೆಯ ಮೇಲೆ ವಾಯುವಿಹಾರ ಮಾಡಿದಾಗ, ಗಂಡನನ್ನು ಕುರ್ಚಿಯಿಂದ ಎಬ್ಬಿಸಿದರೇ ಹೊರತು ಹುಳುಗಳನ್ನು ಮಡಕೆಯಿಂದ ಎಬ್ಬಿಸಲಿಲ್ಲ. ಒಣ ತೆಂಗಿನ ನಾರಿನ ಪುಡಿ ಹೆಚ್ಚಾಗಿ ಹಾಕಿ ತೇವ ಹೀರಿಸಿದ ಮೇಲೆ ಅವು ತಾವಾಗಿಯೇ ಮರೆಯಾದವು. ರಾಯರು ಮಾತ್ರ ಇಂದಿಗೂ ಪತ್ರಿಕೆಯನ್ನು ಕೊಡವಿ ಓದುತ್ತಾರೆ.

"ಇದರಲ್ಲಿ ಯೋಚಿಸುವುದೇನಿದೆ? ಬಾಳೆಲೆ ಹಾಕಿಸಿ, ಮುಗಿಯಿತು" ಎಂದರು ಗೌಡರು.

ರಾಯರು ಚೀಟಿ ತೆಗೆದು ಬರೆಯತೊಡಗಿದರು. ಎಲೆ ಸರಿ, ಎಲೆಯ ಪಕ್ಕದಲ್ಲಿ ನೀರಿನ ಪುಟ್ಟ ಬಾಟಲಿ ಒಂದು, ಅದು ಮುಗಿದ ಮೇಲೆ ಕಾಗದದ ಲೋಟ ಎರಡು, ಪಾಯಸದ ಬಟ್ಟಲು ಒಂದು, ಐಸ್‌ಕ್ರೀಮಿನ ಕಪ್ಪು ಒಂದು, ಅದಕ್ಕೊಂದು ಚಮಚ, ಕೊನೆಗೆ ಕಾಫಿಯ ಕಪ್ಪು: ತಲೆಗೆ ಏಳು. ಮುನ್ನೂರು ಜನಕ್ಕೆ 2,100. ಇವುಗಳ ಜೊತೆಗೆ ಮೇಜಿನ ಮೇಲೆ ಉದ್ದಕ್ಕೂ ಹಾಸುವ ಹಾಳೆಯ ಸುರುಳಿ ಬೇರೆ. ಪಂಕ್ತಿ ಎದ್ದ ಕೂಡಲೇ ಬಡಿಸುವವರು ಆ ಹಾಳೆಯನ್ನು ಎಲೆ, ಬಾಟಲಿ, ಬಟ್ಟಲುಗಳ ಸಮೇತ ಸುತ್ತಿ ಒಂದೇ ಉಂಡೆ ಮಾಡುತ್ತಾರಾದುದರಿಂದ, ಹಸುವಿನ ಬಾಯಿಗೆ ಹೋಗಬೇಕಾದ ಬಾಳೆಲೆಯು ಪ್ಲಾಸ್ಟಿಕ್ಕಿನೊಂದಿಗೆ ಹಸುವಿನ ಹೊಟ್ಟೆಗೇ ಹೋಗುತ್ತದೆ. ಎಲೆ ಊಟವೆಂಬ ಹೆಸರಷ್ಟೇ ಎಲೆಗೆ ಉಳಿದಿದೆ.

"ಇವೆಲ್ಲ ನಿಷೇಧವಾಗಿಲ್ಲವೇ?" ಎಂದೆ.

"ಎರಡು ಬಾರಿ ಆಗಿದೆ" ಎಂದರು ಮೇಷ್ಟರು. "ನಮ್ಮ ರಾಜ್ಯದಲ್ಲಿ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿದರು. ದೇಶಕ್ಕೆಲ್ಲ ಸೇರಿಸಿ 2022ರ ಜುಲೈ 1ರಿಂದ ಮತ್ತೊಮ್ಮೆ ನಿಷೇಧಿಸಿದರು. ಎರಡು ಸಲ ತಿಥಿಯಾದವನು ಬೀದಿ ಕೊನೆಯ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಗುತ್ತಿದ್ದಾನೆ."

ಮೇಷ್ಟರ ಮತ ಅಡಿಕೆ ಹಾಳೆಯ ತಟ್ಟೆಗೆ. ಮಲೆನಾಡಿನವರಾದ ಅವರು ಬಾಲ್ಯದಲ್ಲಿ ಹಾಳೆಯ ಮೇಲೆ ಕುಳಿತು ಅಣ್ಣಂದಿರಿಂದ ಅಂಗಳದ ತುಂಬ ಎಳೆಸಿಕೊಂಡವರು. ಹಾಳೆಯ ಮಾತು ಬಂದರೆ ಕಣ್ಣು ತೇವವಾಗುತ್ತದೆ. ಮರ ಕಡಿಯಬೇಕಾಗಿಲ್ಲ, ಹಾಳೆ ತಾನಾಗಿ ಕಳಚಿ ಬೀಳುತ್ತದೆ, ನೆನೆಸಿ ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಅಂಟೂ ಬೇಡ ಬಣ್ಣವೂ ಬೇಡ, ತೋಟದವರಿಗೆ ನಾಲ್ಕು ಕಾಸು ಎಂದು ಅವರು ಹೊಗಳುತ್ತಿದ್ದಂತೆ, ಬಯಲುಸೀಮೆಯ ಗೌಡರು ಸುಮ್ಮನಿರಲಾರದೆ ತಮ್ಮ ಅಜ್ಜಿ ಕಡ್ಡಿ ಚುಚ್ಚಿ ಹಚ್ಚುತ್ತಿದ್ದ ಮುತ್ತುಗದ ಎಲೆಯ ಪರವಾಗಿ ಎದ್ದುನಿಂತರು. ಹಾಳೆ ಹೆಚ್ಚೋ ಮುತ್ತುಗ ಹೆಚ್ಚೋ ಎಂಬ ಈ ಜಗಳವು ಸಾರು ಸೋರುವ ವಿಷಯಕ್ಕೆ ಬಂದು, ವೈಯಕ್ತಿಕ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಪದ್ಮಕ್ಕನವರ ತೀರ್ಪು ಫೋನಿನಲ್ಲಿ ಬಂದಿತು. "ಎರಡೂ ಒಳ್ಳೆಯವೇ. ಆದರೆ ಒಂದು ಊಟಕ್ಕೆ ಒಂದು ತಟ್ಟೆಯನ್ನು ಊರಿನಿಂದ ಊರಿಗೆ ಲಾರಿಯಲ್ಲಿ ತರಿಸಿ ಎಸೆಯುವುದೇಕೆ? ತಟ್ಟೆ ಬ್ಯಾಂಕಿನಿಂದ ಸ್ಟೀಲಿನದೇ ತರೋಣ."

ಬ್ಯಾಂಕ್ ಎಂಬ ಶಬ್ದ ಕೇಳಿದ ರಾಯರ ಮುಖದಲ್ಲಿ ನಿವೃತ್ತಿಯ ದಿನದಿಂದ ಕಾಣದಿದ್ದ ಕಳೆ ಮೂಡಿತು. ಸಮಾರಂಭಗಳಿಗೆ ಸ್ಟೀಲ್ ತಟ್ಟೆ ಲೋಟಗಳನ್ನು ಎರವಲು ಕೊಡುವ ಈ ಏರ್ಪಾಡು ಬೆಂಗಳೂರಿಗೆ ಹೊಸದಲ್ಲ. ಅದಮ್ಯ ಚೇತನದಂಥ ಸಂಸ್ಥೆ ನಡೆಸುತ್ತಿದೆ, ಕೆಲವು ಬಡಾವಣೆಗಳ ನಿವಾಸಿಗಳೂ ತಾವೇ ದುಡ್ಡು ಹಾಕಿ ಕಟ್ಟಿಕೊಂಡಿದ್ದಾರೆ. ನಮ್ಮ ಬಡಾವಣೆಯದನ್ನು ನೋಡಿಕೊಳ್ಳುವುದು ನಾಲ್ವರು ಗೃಹಿಣಿಯರು. ರಾಯರು ಬಡ್ಡಿಯ ದರ ವಿಚಾರಿಸಿದರು. ಬಡ್ಡಿಯಿಲ್ಲ, ತೊಳೆದು, ಒರೆಸಿ, ಎಣಿಸಿ ಹಿಂದಿರುಗಿಸಬೇಕು, ಕಳೆದುದಕ್ಕೆ ದಂಡ ಕಟ್ಟಬೇಕು ಎಂಬ ಉತ್ತರ ಬಂದಿತು. "ನಾವು ಕೊಟ್ಟ ಸಾಲಗಳು ತೊಳೆದು ಒರೆಸಿಕೊಂಡು ವಾಪಸು ಬಂದಿದ್ದರೆ!" ಎಂದು ರಾಯರು ನಿಟ್ಟುಸಿರುಬಿಟ್ಟರು.

ತಾಂಬೂಲದ ಚೀಲದ ವಿಷಯದಲ್ಲಿ ಮೇಷ್ಟರು ತಮ್ಮ ಶಾಸ್ತ್ರವನ್ನು ಪ್ರಯೋಗಿಸಿದರು. ಪ್ರತಿ ಮದುವೆಯಲ್ಲೂ ತೆಂಗಿನಕಾಯಿಯೊಂದಿಗೆ ಕೈಗಿಡುವ, ಬಟ್ಟೆಯಂತೆ ಕಾಣುವ ಆ ಬಣ್ಣದ ಚೀಲಗಳು ನಮ್ಮೆಲ್ಲರ ಮನೆಗಳಲ್ಲೂ ಒಂದರೊಳಗೊಂದು ಸೇರಿ ಬಾಗಿಲ ಹಿಂದೆ ನೇತಾಡುತ್ತಿರುತ್ತವೆ. ನಾನಂತೂ ಬಟ್ಟೆಯ ಚೀಲ ಕೂಡಿಡುವ ಪುಣ್ಯಾತ್ಮನೆಂದೇ ತಿಳಿದಿದ್ದೆ. ಮೇಷ್ಟರು ಒಂದು ಎಳೆ ಕಿತ್ತು, ದರ್ಶಿನಿಯ ಮೇಜಿನ ಮೇಲೆಯೇ ಬೆಂಕಿಕಡ್ಡಿ ಗೀರಿ ಹಿಡಿದರು. ಅದು ಬೂದಿಯಾಗದೆ ಕರಗಿ, ಮುದುಡಿ, ಕರಿಮಣಿಯಂತೆ ಗಟ್ಟಿಯಾಯಿತು. "ಪಾಲಿಪ್ರೊಪಿಲೀನ್. ಹತ್ತಿಯಾಗಿದ್ದರೆ ಬೂದಿ ಉಳಿಯುತ್ತಿತ್ತು" ಎಂದು ಹೇಳಿ, ತುಲನೆಗಾಗಿ ಹತ್ತಿಯ ಎಳೆಯೊಂದನ್ನು ನನ್ನ ಜುಬ್ಬಾದ ಅಂಚಿನಿಂದ ನನ್ನನ್ನು ಕೇಳದೆ ಎಳೆದುಕೊಂಡು ಸುಟ್ಟರು. ಅದೂ ಕರಿಮಣಿಯೇ ಆಯಿತು. ಖಾದಿಯೆಂದು ಹೇಳಿ ಮಾರಿದವನ ವಿಷಯ ಇಲ್ಲಿ ಬೇಡ.

ಶೆಟ್ಟರು ಓಡಿಬಂದು ನೀರು ಚೆಲ್ಲಿದರು. ನೀರು ಚೆಲ್ಲಿದ್ದಕ್ಕೆ ಗೌಡರು ಬೈದರು. ಗೌಡರ ವಾದದಲ್ಲಿ ಹುರುಳಿತ್ತು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬೆಟ್ಟ ಹತ್ತಿಸಿಕೊಂಡು ಈ ಊರಿಗೆ ಬರಬೇಕು. ಅಷ್ಟು ಕರೆಂಟು ಸುಟ್ಟು ತಂದ ನೀರನ್ನು ಧಾರಾಳವಾಗಿ ಸುರಿದು ಸ್ಟೀಲ್ ತಟ್ಟೆ ತೊಳೆದರೆ ಉಳಿತಾಯವೆಲ್ಲಿ ಬಂತು? ಅದಕ್ಕಾಗಿ ಅವರು ಮೂರು ತೊಟ್ಟಿಗಳ ಯೋಜನೆ ಹಾಕಿದರು. ಮೊದಲು ತಟ್ಟೆಯಲ್ಲಿ ಉಳಿದದ್ದನ್ನು ಒಣಗೈಯಲ್ಲಿ ಬಳಿದು ಗೊಬ್ಬರದ ಡ್ರಮ್ಮಿಗೆ ಹಾಕಬೇಕು, ಆಮೇಲೆ ಅಂಟುವಾಳದ ನೀರಿನ ತೊಟ್ಟಿಯಲ್ಲಿ ಉಜ್ಜಬೇಕು, ಎರಡನೆಯದರಲ್ಲಿ ಜಾಲಿಸಬೇಕು, ಮೂರನೆಯದರಲ್ಲಿ ಬಿಸಿನೀರಿಗೆ ಅದ್ದಿ ತೆಗೆಯಬೇಕು, ಕೊಳೆಯಾದ ನೀರು ಛತ್ರದ ಹಿಂದಿನ ತೆಂಗಿನ ಮರಗಳಿಗೆ. ನಲ್ಲಿಯ ಕೆಳಗೆ ಒಂದು ತಟ್ಟೆಯೂ ಹೋಗಕೂಡದು.

"ತೊಳೆಯುವವರು ಯಾರು?" ಎಂದು ಶೆಟ್ಟರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೇಳಿದರು. ಈ ಬಾರಿ ನಕ್ಕದ್ದು ಅವರೊಬ್ಬರೇ.

ಪದ್ಮಕ್ಕ ಮೂವರು ಹೆಂಗಸರನ್ನು ಕರೆಸಿ, ಅಡುಗೆಯ ಭಟ್ಟರ ಸಹಾಯಕರಿಗೆ ಕೊಡುವಷ್ಟೇ ಕೂಲಿಯನ್ನು ಅವರಿಗೂ ಗೊತ್ತುಮಾಡಿದರು. ಖರ್ಚು ಹೆಚ್ಚಾಯಿತೆಂದು ರಾಯರು ಗೊಣಗಿದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ಬಹಳ ಸರಿಯೆನಿಸಿತು. ಎಸೆಯುವ ತಟ್ಟೆ ಅಗ್ಗವೆಂದು ಕಾಣುವುದು ತೊಳೆಯುವವರ ಕೂಲಿಯನ್ನು ಅದು ಉಳಿಸುವುದರಿಂದ. ಆದರೆ ಅದೇ ಹೊರೆಯನ್ನು ಮರುದಿನ ಪೌರಕಾರ್ಮಿಕರು ಎತ್ತುತ್ತಾರೆ, ಅದರ ಮರುದಿನ ಯಾವುದೋ ಹಳ್ಳಿಯವರು ಮೂಗು ಮುಚ್ಚಿಕೊಂಡು ಅನುಭವಿಸುತ್ತಾರೆ. ಮಾವಳ್ಳಿಪುರದವರು, ಮಂಡೂರಿನವರು ನಮ್ಮ ಕಸದ ಲಾರಿಗಳು ಬೇಡವೆಂದು ಬೀದಿಗಿಳಿದು ನಿಲ್ಲಿಸಿದ್ದು ಸುಮ್ಮನೆ ಅಲ್ಲ. ಮೂವರು ಹೆಂಗಸರಿಗೆ ಕೈಜೋಡಿಸಿ ತಟ್ಟೆ ಬಳಿಯುವ ಮೊದಲ ಹಂತದ ಕೆಲಸ ಗೌಡರಿಗೆ, ಮೇಷ್ಟರಿಗೆ ಮತ್ತು ನನಗೆ ಬಂದಿತು. ಪೂಜೆಗೆ ಕುಳಿತವರಾದುದರಿಂದ ರಾಯರು ತಪ್ಪಿಸಿಕೊಂಡರು. ಭೀಮರಥ ಶಾಂತಿಯ ನಿಜವಾದ ಶಾಂತಿ ಅವರೊಬ್ಬರಿಗೇ ದಕ್ಕಿತು.

ಊಟದ ದಿನ ನಾನು ಕಂಡುಕೊಂಡ ಸತ್ಯವೇನೆಂದರೆ, ಮನುಷ್ಯನ ಸ್ವಭಾವ ತಿಳಿಯಬೇಕಾದರೆ ಅವನ ಜಾತಕಕ್ಕಿಂತ ಅವನು ಬಿಟ್ಟೆದ್ದ ತಟ್ಟೆ ನೋಡಬೇಕು. ಮಿತಾಹಾರದ ಮೇಲೆ ಭಾಷಣ ಮಾಡುವವರ ತಟ್ಟೆಯಲ್ಲಿ ಎರಡು ಹೋಳಿಗೆ, ಸಿಹಿ ಮುಟ್ಟುವುದಿಲ್ಲವೆಂದವರ ತಟ್ಟೆಯಲ್ಲಿ ಬರಿಯ ಕೋಸಂಬರಿ. ನಾವು ಪಂಚೆ ಎತ್ತಿ ಕಟ್ಟಿ ಸಾಲಾಗಿ ನಿಂತದ್ದನ್ನು ನೋಡಿ ರಾಯರ ದೂರದ ಸೋದರತ್ತೆಯೊಬ್ಬರು, ಅಡುಗೆಯವರಿಗೆ ದುಡ್ಡು ಕೊಡಲಾಗದೆ ಸ್ನೇಹಿತರು ದುಡಿದು ತೀರಿಸುತ್ತಿದ್ದಾರೆಂದು ನಿಶ್ಚಯಿಸಿ, ಆಶೀರ್ವಾದದ ನೆಪದಲ್ಲಿ ರಾಯರ ಕೈಗೆ ಐನೂರರ ನೋಟೊಂದನ್ನು ತುರುಕಿ, "ಕಷ್ಟ ಯಾರಿಗೆ ಬರುವುದಿಲ್ಲ, ಮಗೂ" ಎಂದು ಬೆನ್ನು ಸವರಿದರಂತೆ.

ಕಸ ಒಂದು ಬುಟ್ಟಿಯಾಗಲಿಲ್ಲ, ಒಂದೂವರೆಯಾಯಿತು. ಉಡುಗೊರೆಗಳ ಮಿರುಗುವ ಹೊದಿಕೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮಿಕ್ಕ ಅಡುಗೆಯನ್ನು ಎಲ್ಲರೂ ತಂತಮ್ಮ ಡಬ್ಬಿಗಳಲ್ಲಿ ಒಯ್ಯಬೇಕೆಂದು ಪದ್ಮಕ್ಕ ಮೊದಲೇ ಹೇಳಿದ್ದರಿಂದ, ಮಂಡಿನೋವಿನಿಂದ ಬರಲಾಗದ ನನ್ನ ಹೆಂಡತಿಗಾಗಿ ನಾನೂ ಹಳೆಯ ಟಿಫಿನ್ ಕ್ಯಾರಿಯರಿನಲ್ಲಿ ಪಾಯಸ ತುಂಬಿಸಿಕೊಂಡೆ.

ಮರುದಿನ ಎಣಿಸುವಾಗ ತಟ್ಟೆ ಮುನ್ನೂರು, ಲೋಟ ಮುನ್ನೂರು, ಚಮಚ ಮಾತ್ರ ಇನ್ನೂರ ತೊಂಬತ್ತೆರಡು. ರಾಯರು ಮೂರು ಬಾರಿ ಎಣಿಸಿದರು. ತಮ್ಮ ಸೇವಾವಧಿಯಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಮನೆಗೆ ಹೋಗದಿದ್ದವರು, ಬ್ಯಾಂಕಿನ ಗೃಹಿಣಿಯರ ಮುಂದೆ ತಲೆತಗ್ಗಿಸಿ ಎಂಟು ಚಮಚಗಳ ದಂಡ ಕಟ್ಟಿ, ರಸೀದಿ ಕೇಳಿ ಪಡೆದರು.

ಈ ನಡುವೆ ಶೆಟ್ಟರು ಬದಲಾದರು. ನಮ್ಮ ಮೂರು ತೊಟ್ಟಿಗಳನ್ನು ಸ್ವತಃ ಬಂದು ನೋಡಿದ್ದ ಅವರು ತೊಳೆಯಲು ಇಬ್ಬರನ್ನು ಹೆಚ್ಚಿನ ಸಂಬಳಕ್ಕೆ ಇಟ್ಟುಕೊಂಡು, ನಲ್ಲಿಗಳ ಬಾಯಿಗೆ ಗಾಳಿ ಬೆರೆಸಿ ನೀರನ್ನು ಮಿತಗೊಳಿಸುವ ಏರೇಟರ್ ಹಾಕಿಸಿ, ಸ್ಟೀಲ್ ಲೋಟಗಳನ್ನು ಮತ್ತೆ ಹೊರತೆಗೆದರು. ಕಾಫಿಯ ಬೆಲೆಗೆ ಎರಡು ರೂಪಾಯಿಯನ್ನೂ ಏರಿಸಿದರು. ಬೈ-ಟು ಕುಡಿಯುವವರಿಗೆ ತಲೆಗೆ ಒಂದೇ ರೂಪಾಯಿ ಎಂದು ರಾಯರು ಒಪ್ಪಿಗೆ ಕೊಟ್ಟರು.

ಮೂರು ತಿಂಗಳಾದ ಮೇಲೆ ಪದ್ಮಕ್ಕ ಗೊಬ್ಬರದ ಡ್ರಮ್ಮನ್ನು ಬಿಚ್ಚಿ ಜರಡಿ ಹಿಡಿದರು. ಕಾಡಿನ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಕೆಳಗಿಳಿಯಿತು. ಜರಡಿಯ ಮೇಲೆ ಏಳು ಚಮಚಗಳು ಉಳಿದವು. ಬಳಿಯುವ ಕೆಲಸ ನಮ್ಮದಾಗಿದ್ದುದರಿಂದ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರಾಯರು ಏಳನ್ನೂ ಬೆಳಗಿ, ಹಳೆಯ ರಸೀದಿಯೊಂದಿಗೆ ದರ್ಶಿನಿಗೆ ತಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ವಸೂಲಾಗದ ಸಾಲವೆಂದು ಬರೆದುಹಾಕಿದ್ದು ಮರಳಿ ಬಂದಿದೆ. ಇನ್ನು ಒಂದು ಮಾತ್ರ ಬಾಕಿ" ಎಂದು ನಮ್ಮನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿದರು.

ಚಮಚದ ಹಿಡಿಯ ಮೇಲೆ ಬ್ಯಾಂಕಿನವರು ಒಂದು ಪುಟ್ಟ ಎಲೆಯ ಗುರುತು ಕೊರೆಸಿದ್ದಾರೆಂಬುದನ್ನು ನಾನು ಗಮನಿಸಿದ್ದು ಆಗಲೇ. ಆ ಎಲೆಯನ್ನು ನಾನು ಎಲ್ಲೋ ನೋಡಿದ್ದೆ, ಒಂದೆರಡು ಬಾರಿಯಲ್ಲ, ಮೂರು ತಿಂಗಳಿನಿಂದ ದಿನವೂ ಬೆಳಿಗ್ಗೆ, ನಮ್ಮ ಮನೆಯ ಸಕ್ಕರೆ ಡಬ್ಬಿಯಲ್ಲಿ. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಉಳಿದ ಅರ್ಧವನ್ನು ಗೌಡರು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡದ್ದು ಕಂಡರೂ ಅಂದು ನಾನು ಏನನ್ನೂ ಹೇಳಲಿಲ್ಲ.