ಅಪ್ಪನ 260 ಕ್ಯಾಸೆಟ್‌ಗಳು: ಕಂಪ್ಯೂಟರಿಗೆ ಇಳಿಸಿಕೊಂಡವರು ಅನುಭವ ತಿಳಿಸಿ

ಕುಂದಾಪುರದ ಮಗಳು:
ದೀಪಾವಳಿಯೊಳಗೆ ಊರಿನ ಮನೆಯನ್ನು ತೆರವು ಮಾಡಬೇಕಾಗಿದೆ. ಅಟ್ಟದ ಟ್ರಂಕುಗಳಲ್ಲಿ ತೀರಿಹೋದ ಅಪ್ಪನ 260 ಕ್ಯಾಸೆಟ್‌ಗಳು ಸಿಕ್ಕಿವೆ. ಅರ್ಧದಷ್ಟು ಅಂಗಡಿಯಲ್ಲಿ ಕೊಂಡವು. ಉಳಿದವು ತಾಳಮದ್ದಳೆಗಳಿಗೆ (ವೇಷ, ಕುಣಿತವಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ) ಟೇಪ್‌ರೆಕಾರ್ಡರ್ ಹೊತ್ತುಕೊಂಡು ಹೋಗಿ ಅವರೇ ತುಂಬಿಕೊಂಡವು. ಕೆಲವಕ್ಕೆ ಬೂಷ್ಟು ಹಿಡಿದಿದೆ. ನನ್ನದು ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆ. ನಾನೇ ಇಳಿಸಿಕೊಳ್ಳುವುದೋ, ಹಣ ಕೊಟ್ಟು ಮಾಡಿಸುವುದೋ, ಯಾವುದನ್ನು ಬಿಡಬಹುದು?

ತೀರ್ಥಹಳ್ಳಿಯ ಮಳೆ:
ನಾನು 142 ಕ್ಯಾಸೆಟ್‌ಗಳನ್ನು ಹದಿನಾಲ್ಕು ತಿಂಗಳಲ್ಲಿ ಇಳಿಸಿದೆ. ಮೊದಲು 1,900 ರೂಪಾಯಿಗೆ ಯುಎಸ್‌ಬಿ ಬಾಯಿಯುಳ್ಳ ಆಟಿಕೆಯಂಥ ಯಂತ್ರವೊಂದನ್ನು ತರಿಸಿದ್ದೆ. ಅದರಲ್ಲಿ ಪದ ಹಾಡುವ ಭಾಗವತರ ದನಿ ಬಾವಿಯೊಳಗಿಂದ ಬಂದಂತೆ ತೂಗಾಡುತ್ತಿತ್ತು. ಆ ಹಣ ನೀರಿಗೆ ಹೋಯಿತು ಎಂದುಕೊಂಡು ಲೆಕ್ಕದಿಂದಲೇ ತೆಗೆದಿದ್ದೇನೆ. ಆಮೇಲೆ ಹಳೆಯ ಕ್ಯಾಸೆಟ್ ಡೆಕ್ಕಿಗೆ 7,500, ಕರಗಿ ಡಾಂಬರಿನಂತಾಗಿದ್ದ ಬೆಲ್ಟುಗಳ ಬದಲಿಗೆ 350, ಮೂರು ಸಲದ ರಿಪೇರಿಗೆ 1,800, ಸೌಂಡ್ ಕಾರ್ಡಿಗೆ 2,400, ಹಾರ್ಡ್ ಡಿಸ್ಕಿಗೆ 4,200: ಒಟ್ಟು 16,250. ಎಂದರೆ ಕ್ಯಾಸೆಟ್ಟೊಂದಕ್ಕೆ ನೂರಾ ಹದಿನಾಲ್ಕು ರೂಪಾಯಿ, ಕೊಂಡ ಬೆಲೆಯ ಮೂರು ಪಟ್ಟು. ಎರಡನೆಯ ರಿಪೇರಿಯಲ್ಲಿ ಆ ಮಹಾಶಯ ಟೇಪನ್ನು ಓದುವ ಹೆಡ್ಡಿನ ಪಕ್ಕದ ಸ್ಕ್ರೂವನ್ನು ಸುಮ್ಮನೆ ತಿರುವಿಬಿಟ್ಟಿದ್ದರಿಂದ ಹೆಡ್ಡು ಕೂದಲೆಳೆಯಷ್ಟು ವಾಲಿ, ತಾಳದ ಕಿಣಿಕಿಣಿಯೆಲ್ಲ ಸತ್ತುಹೋಗಿತ್ತು. ಅದು ನನಗೆ ತಿಳಿಯುವ ಹೊತ್ತಿಗೆ ಇಪ್ಪತ್ತೊಂಬತ್ತು ಕ್ಯಾಸೆಟ್‌ಗಳು ಮುಗಿದಿದ್ದವು. ಅಷ್ಟನ್ನೂ ಮತ್ತೆ ಮೊದಲಿನಿಂದ ಮಾಡಿದೆ. ಅರುವತ್ತು ನಿಮಿಷದ ಕ್ಯಾಸೆಟ್ಟಿಗೆ ಅರುವತ್ತು ನಿಮಿಷವೇ ಬೇಕು, ಅದರಲ್ಲಿ ಒಳದಾರಿಯಿಲ್ಲ. ಎಲ್ಲವನ್ನೂ ಧ್ವನಿಯನ್ನು ಕುಗ್ಗಿಸದ ವೇವ್ ರೂಪದಲ್ಲೇ ಇಟ್ಟಿದ್ದೇನೆ. ನಿಮಿಷಕ್ಕೆ ಹತ್ತು ಎಂಬಿ ತಿನ್ನುತ್ತದೆ, ತಿನ್ನಲಿ. ಕುಗ್ಗಿಸಿ ಎಂಪಿತ್ರೀ ಮಾಡಿ ಹಾಳುಮಾಡಬೇಡಿ.

ದಾವಣಗೆರೆ ಅಂಗಡಿ:
ಎಂಪಿತ್ರೀಯನ್ನು ಬೈಯುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾನು 1988ರಿಂದ ಕ್ಯಾಸೆಟ್ ಅಂಗಡಿ ಇಟ್ಟಿದ್ದವನು. ಗಿರಾಕಿಗಳು ಬರೆದುಕೊಟ್ಟ ಹಾಡುಗಳ ಚೀಟಿಯನ್ನು ಮುಂದಿಟ್ಟುಕೊಂಡು, ಪ್ರತಿ ಹಾಡಿನ ನಿಮಿಷ ಕೂಡಿಸಿ, ಒಂದು ಬದಿಯ ಮೂವತ್ತು ನಿಮಿಷಕ್ಕೆ ಸರಿಯಾಗಿ ಕೂರಿಸುತ್ತಿದ್ದೆ; ಕೊನೆಯ ಹಾಡು ಅರ್ಧಕ್ಕೆ ಕತ್ತರಿಸಿಹೋದರೆ ಅದು ನನಗೆ ಅವಮಾನ. ಮದುವೆ ನಿಶ್ಚಯವಾದ ಹುಡುಗರು ಚೀಟಿ ಕೊಡುವಾಗ ಹಾಡುಗಳ ಅನುಕ್ರಮ ಬದಲಿಸಬಾರದೆಂದು ಎರಡೆರಡು ಸಲ ಹೇಳಿ ಹೋಗುತ್ತಿದ್ದರು. ಆಮೇಲೆ ಸಿಡಿ ಬಂತು, ಸಾಲ ಮಾಡಿ ಬರೆಯುವ ಯಂತ್ರ ತಂದೆ. ಅದರ ಸಾಲ ತೀರುವ ಮೊದಲೇ ಒಂದೇ ತಟ್ಟೆಯಲ್ಲಿ ನೂರೈವತ್ತು ಹಾಡುಗಳ ಎಂಪಿತ್ರೀ ಬಂತು. ಕೊನೆಗೆ ಮೆಮೊರಿ ಕಾರ್ಡು ತುಂಬಿಸಿಕೊಟ್ಟು ಐವತ್ತು ರೂಪಾಯಿ ಪಡೆಯುವ ಸ್ಥಿತಿಗೆ ಇಳಿದೆ. ಆಗ ಯಾರೂ ಚೀಟಿ ತರುತ್ತಿರಲಿಲ್ಲ, ‘ಹೊಸದು ಏನಿದೆಯೋ ಎಲ್ಲ ಹಾಕಿ’ ಎನ್ನುತ್ತಿದ್ದರು. 2014ರಲ್ಲಿ ಬಾಗಿಲು ಹಾಕಿದೆ. ಆದರೆ ರಾತ್ರಿ ಲಾರಿ ಓಡಿಸುವವರು ಬೆಳಗಿನವರೆಗೆ ಹಾಡು ಕೇಳುವಂತಾದದ್ದು ಅದೇ ಎಂಪಿತ್ರೀಯಿಂದ, ವೇವ್‌ನಿಂದಲ್ಲ.

ತೀರ್ಥಹಳ್ಳಿಯ ಮಳೆ:
ಕಂಪನಿಯವರ ಹಾಡುಗಳನ್ನು ಚೀಟಿ ನೋಡಿ ಪ್ರತಿ ಮಾಡಿ ಮಾರಿದವರಿಂದ ಧ್ವನಿಯ ಗುಣಮಟ್ಟದ ಪಾಠ ಕೇಳುವ ಕಾಲ ಬಂತಲ್ಲ! ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೂ ಅರುವತ್ತು ವರ್ಷ ಇರುತ್ತದೆ ಎಂಬುದನ್ನು ತಮ್ಮ ಅಂಗಡಿಯ ಗೋಡೆಗೆ ಅಂಟಿಸಿದ್ದಿರೋ?

ದಾವಣಗೆರೆ ಅಂಗಡಿ:
ತಮ್ಮ 142ರಲ್ಲಿ ನನ್ನಂಥವರು ತುಂಬಿಕೊಟ್ಟವು ಎಷ್ಟೆಂದು ಮೊದಲು ಎಣಿಸಿ ಹೇಳಿ. ಆಮೇಲೆ ಕಾನೂನು ಮಾತನಾಡೋಣ.

ಮೂಡಬಿದಿರೆ ಸೊಸೆ:
ಇಬ್ಬರೂ ಸ್ವಲ್ಪ ಸುಮ್ಮನಿರಿ. ನನ್ನ ಯಜಮಾನರು 1986ರಿಂದ ಆರು ವರ್ಷ ದುಬೈಯಲ್ಲಿದ್ದರು. ಟ್ರಂಕ್ ಕಾಲ್ ಮಾಡುವಷ್ಟು ಹಣ ಇರಲಿಲ್ಲ, ಪತ್ರದಲ್ಲಿ ಬರೆಯುವುದಕ್ಕೆ ಅವರಿಗೆ ಬೇಸರ. ಆದ್ದರಿಂದ ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕಳುಹಿಸುತ್ತಿದ್ದರು. ಅವರು ಮಾತನಾಡುವಾಗ ಹಿಂದೆ ಏರ್ ಕಂಡೀಷನರಿನ ಗುಂಯ್ ಸದ್ದು, ನಡುವೆ ಕೆಮ್ಮು, ‘ಈಗ ಅಮ್ಮನಿಗೆ ಕೊಡು’ ಎಂದಾಗ ನಾನು ಎದ್ದುಹೋಗಬೇಕಾಗಿದ್ದ ಮೌನ. ಹಾಗೆ ಬಂದ ಹನ್ನೊಂದರಲ್ಲಿ ಉಳಿದದ್ದು ಎರಡು. ಒಂಬತ್ತನ್ನು ಅಳಿಸಿದವಳು ನಾನೇ. ಅದರ ಮೇಲೆ ಬೇರೇನೂ ತುಂಬಲಾಗದಿರಲೆಂದು ಅವರು ಜಾಣತನದಿಂದ ಕ್ಯಾಸೆಟ್ಟಿನ ಬೆನ್ನಿನ ಕಿವಿ ಮುರಿದೇ ಕಳುಹಿಸುತ್ತಿದ್ದರು. ನಾನು ಆ ತೂತಿಗೆ ಕಾಗದದ ಉಂಡೆ ತುರುಕಿ ರೇಡಿಯೋದ ಚಿತ್ರಗೀತೆ ತುಂಬಿಕೊಂಡೆ. ಖಾಲಿ ಕ್ಯಾಸೆಟ್ ಕೊಳ್ಳಲು ಅತ್ತೆಯ ಹತ್ತಿರ ಇಪ್ಪತ್ತೈದು ರೂಪಾಯಿ ಕೇಳುವ ಧೈರ್ಯ ನನಗಿರಲಿಲ್ಲ. ಒಂದರಲ್ಲಿ ಎರಡು ಹಾಡುಗಳ ನಡುವಿನ ಸಂದಿಯಲ್ಲಿ ‘ಮಗುವಿಗೆ ಜ್ವರ’ ಎನ್ನುವಷ್ಟು ಮಾತ್ರ ಅವರ ದನಿ ಉಳಿದಿದೆ. ಅವರೀಗ ಇಲ್ಲ. ಗುಣಮಟ್ಟದ ಬಗ್ಗೆ ನನಗೆ ಗೊತ್ತಿಲ್ಲ.

ಒಂದೇ ಫೋನು ಸಾಕು:
ನಾನು 2011ರಲ್ಲಿ ಎಲ್ಲವನ್ನೂ ಗುಜರಿಗೆ ಕೊಟ್ಟೆ, ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ. ಅಂಗಡಿಯಲ್ಲಿ ಕೊಂಡ ಹಾಡುಗಳಲ್ಲಿ ಹೆಚ್ಚಿನವು ಫೋನಿನಲ್ಲಿ ಸಿಗುತ್ತವೆ. ವಸ್ತುಗಳನ್ನು ಕಟ್ಟಿಕೊಂಡು ಅಳುವವರಿಗೆ ಮನೆ ಎಷ್ಟಿದ್ದರೂ ಸಾಲದು.

ತೀರ್ಥಹಳ್ಳಿಯ ಮಳೆ:
ಅವರ ತಂದೆಯೇ ತುಂಬಿಕೊಂಡ ತಾಳಮದ್ದಳೆ ತಮ್ಮ ಫೋನಿನಲ್ಲಿ ಎಲ್ಲಿಂದ ಬರುತ್ತದೆ? 1990ರಲ್ಲಿ ಭಾಗವತರಾದ ಕಾಳಿಂಗ ನಾವಡರು ಅಪಘಾತದಲ್ಲಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅವರ ಪದ ಕೇಳಲು ಉಳಿದದ್ದು ಕ್ಯಾಸೆಟ್‌ಗಳೇ. ತಾಳಮದ್ದಳೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದಲ್ಲೂ, ಎಂದರೆ ಪದದ ಮೇಲೆ ಆಡುವ ಮಾತಿನಲ್ಲೂ, ಹಾಗೆಯೇ. ಎದುರು ಕುಳಿತವರು ಬದಲಾದರೆ ಮಾತೇ ಬದಲಾಗುತ್ತಿತ್ತು, ಒಂದು ರಾತ್ರಿಯದು ಇನ್ನೊಂದು ರಾತ್ರಿಯಲ್ಲಿ ಇರುತ್ತಿರಲಿಲ್ಲ. ಗುಜರಿಗೆ ಹಾಕಿದ್ದು ಪ್ಲಾಸ್ಟಿಕ್ಕನ್ನು ಮಾತ್ರ ಎಂದು ತಿಳಿದಿದ್ದೀರಾ?

ಒಂದೇ ಫೋನು ಸಾಕು:
ನನ್ನ ತಂದೆ ತಾಳಮದ್ದಳೆಗೆ ಹೋಗುವವರಾಗಿರಲಿಲ್ಲ. ಕುಡಿದು ಬಂದು ರಾತ್ರಿಯಿಡೀ ಅದೇ ನಾಲ್ಕು ಹಾಡು ಗಟ್ಟಿಯಾಗಿ ಹಾಕುತ್ತಿದ್ದರು. ಎಲ್ಲರ ಅಟ್ಟದಲ್ಲೂ ಚಿನ್ನವೇ ಇರುವುದಿಲ್ಲ ಸ್ವಾಮಿ.

ದಾವಣಗೆರೆ ಅಂಗಡಿ:
ತೊಂಬತ್ತು ನಿಮಿಷದ ಕ್ಯಾಸೆಟ್‌ಗಳ ಬಗ್ಗೆ ಯಾರೂ ಎಚ್ಚರಿಸಲಿಲ್ಲ. ಅವುಗಳ ಟೇಪು ಅರುವತ್ತರದಕ್ಕಿಂತ ತೆಳ್ಳಗಿರುತ್ತದೆ, ಹಳೆಯ ಯಂತ್ರಕ್ಕೆ ಸುತ್ತಿಕೊಂಡರೆ ಮುದ್ದೆಯಾಗುತ್ತದೆ. ತಾಳಮದ್ದಳೆಗೆ ಹೋಗುವವರು ಪದೇಪದೇ ಬದಿ ತಿರುಗಿಸಬೇಕಾಗುತ್ತದೆಂದು ಅದನ್ನೇ ಕೇಳಿ ಒಯ್ಯುತ್ತಿದ್ದರು. ಹಾಕುವ ಮೊದಲು ಪೆನ್ಸಿಲ್ ತೂರಿಸಿ ಕೈಯಿಂದ ಒಂದು ಸಲ ಸಡಿಲ ತೆಗೆಯಿರಿ. ಬೂಷ್ಟು ಹಿಡಿದವನ್ನು ಬೇರೆಯೇ ಇಡಿ. ಒಂದನ್ನು ಓಡಿಸಿದರೆ ಹೆಡ್ಡಿಗಂಟಿದ ಪುಡಿ ಮುಂದಿನ ಹತ್ತಕ್ಕೂ ತಗಲುತ್ತದೆ.

ತೀರ್ಥಹಳ್ಳಿಯ ಮಳೆ:
ಇದೊಂದು ಮಾತನ್ನು ಮಾತ್ರ ಒಪ್ಪುತ್ತೇನೆ. ನಾನು ಬೂಷ್ಟಿನದನ್ನೇ ಮೊದಲು ಹಾಕಿ ಡೆಕ್ಕಿನ ರಬ್ಬರ್ ಗಾಲಿ ಹಾಳುಮಾಡಿಕೊಂಡಿದ್ದೆ. ಮೇಲಿನ ಲೆಕ್ಕದಲ್ಲಿ ಅದನ್ನು ಬರೆಯಲಿಲ್ಲ.

ಕುಂದಾಪುರದ ಮಗಳು:
ನಿನ್ನೆ ಅಪ್ಪನ ಟೇಪ್‌ರೆಕಾರ್ಡರನ್ನು ಬಿಚ್ಚಿದೆ. ಬೆಲ್ಟು ಬೆರಳಿಗೆ ಕಪ್ಪಾಗಿ ಅಂಟಿತು, ಸೀಮೆಎಣ್ಣೆ ಹಾಕಿ ಉಜ್ಜಿದರೂ ಪೂರ್ತಿ ಹೋಗಿಲ್ಲ. ಹೊಸದರ ಅಳತೆ ತೆಗೆಯುವುದು ಹೇಗೆ?

ದಾವಣಗೆರೆ ಅಂಗಡಿ:
ಗಾಲಿಗಳ ಸುತ್ತ ಹೊಲಿಗೆ ದಾರ ಸುತ್ತಿ, ಕತ್ತರಿಸಿ, ಅಳೆಯಿರಿ. ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದನ್ನು ಕೇಳಿ.

ತೀರ್ಥಹಳ್ಳಿಯ ಮಳೆ:
ಐದು ಸಾಲದು, ಏಳು.