ಗಲ್ಲು ಶಿಕ್ಷೆಯಲ್ಲಿ ನಮ್ಮ ಪಾಲು: ‘ಹೊಣೆ’ಯೋ, ‘ಅನುಮೋದನೆ’ಯೋ?

ಮಿತ್ರರೇ,

ಮರಣದಂಡನೆಯ ಬಗೆಗಿನ ಲೇಖನವೊಂದನ್ನು ತಿದ್ದುತ್ತಿದ್ದೇನೆ. ‘ಗಲ್ಲಿಗೇರಿಸಲಾಯಿತು’ ಎಂದು ಓದಿದಾಗಲೆಲ್ಲ ಏರಿಸಿದವರು ಯಾರು ಎಂದು ಕೇಳಬೇಕೆನಿಸುತ್ತದೆ. ಸೆಷನ್ಸ್ ನ್ಯಾಯಾಲಯ ಶಿಕ್ಷೆ ವಿಧಿಸುತ್ತದೆ. ಹೈಕೋರ್ಟ್ ದೃಢೀಕರಿಸದೆ ಅದು ಜಾರಿಯಾಗುವಂತಿಲ್ಲ. ಕ್ಷಮಾದಾನದ ಅರ್ಜಿ ರಾಷ್ಟ್ರಪತಿಗಳ ಮುಂದೆ ಹೋದರೆ ಅವರು ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. ನೇಣು ಹಾಕುವವನಂತೂ ಆಜ್ಞೆ ಪಾಲಿಸುವವನು. ಕಡತ ಹೀಗೆ ಕೈಯಿಂದ ಕೈಗೆ ಸಾಗಿದರೂ ಪ್ರಭುತ್ವ ಕೊಲ್ಲುವುದು ಪ್ರಜೆಗಳ ಹೆಸರಿನಲ್ಲಿ. ಆ ಪ್ರಜೆಯ ಪಾಲನ್ನು ಏನೆಂದು ಕರೆಯಬೇಕು?

ಲೇಖಕರು ‘ನೈತಿಕ ಹೊಣೆ’ ಎಂದಿದ್ದಾರೆ. ನನಗೆ ಅದು ಒಗ್ಗುತ್ತಿಲ್ಲ. 1956ರಲ್ಲಿ ಅರಿಯಲೂರು ರೈಲು ಅಪಘಾತದ ಬಳಿಕ ಆಗಿನ ರೈಲ್ವೆ ಸಚಿವ ಲಾಲ್ ಬಹದ್ದೂರ್ ಶಾಸ್ತ್ರಿಯವರು ರಾಜೀನಾಮೆ ಕೊಟ್ಟರಲ್ಲ, ಆ ಬಗೆಯ ಸಂದರ್ಭಕ್ಕೆ ಈ ಮಾತು ಒಪ್ಪುತ್ತದೆ. ಅಲ್ಲಿ ಸಾವು ಯಾರಿಗೂ ಬೇಕಿರಲಿಲ್ಲ. ಗಲ್ಲು ಹಾಗಲ್ಲ, ದಿನ ಗೊತ್ತುಮಾಡಿ ಕೊಲ್ಲುವುದು.

‘ಪಾಪದಲ್ಲಿ ಪಾಲು’ ಎಂದರೆ ಚರ್ಚೆಗೆ ಮೊದಲೇ ತೀರ್ಪು ಕೊಟ್ಟಂತೆ. ಶಿಕ್ಷೆ ನ್ಯಾಯವೆಂದು ನಂಬುವವರು ಅದನ್ನು ಒಪ್ಪಲಾರರು. ಇದಕ್ಕಿಂತ ಹಳೆಯ ಸುಭಾಷಿತವೇ ವಾಸಿ: ಮಾಡಿದವನು, ಮಾಡಿಸಿದವನು, ಪ್ರೇರೇಪಿಸಿದವನು, ಅನುಮೋದಿಸಿದವನು, ಈ ನಾಲ್ವರೂ ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ ಸಮಭಾಗಿಗಳು. ಹೀಗೆ ನೋಡಿದರೆ ಸಮಾಜ ಬರಿಯ ಅನುಮೋದಕನಲ್ಲ, ಪ್ರೇರಕನೂ ಹೌದು. 1983ರ ಮಚ್ಚಿ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಮುದಾಯದ ಸಾಮೂಹಿಕ ಅಂತಃಸಾಕ್ಷಿ ತೀವ್ರವಾಗಿ ಘಾಸಿಗೊಂಡಾಗ ಅದು ನ್ಯಾಯಾಧೀಶರಿಂದ ಮರಣದಂಡನೆಯನ್ನೇ ನಿರೀಕ್ಷಿಸುತ್ತದೆ ಎಂಬರ್ಥದಲ್ಲಿ ಹೇಳಿತು. ತೀರ್ಪಿಗೆ ನಮ್ಮ ಅಂತಃಸಾಕ್ಷಿಯೇ ಆಧಾರವಾದ ಮೇಲೆ ‘ಅದು ಕೋರ್ಟಿನ ವಿಚಾರ’ ಎಂದು ಜಾರಿಕೊಳ್ಳಲು ದಾರಿಯೆಲ್ಲಿದೆ?

ಆದರೆ ‘ಅನುಮೋದನೆ’ ಈಗ ಕಚೇರಿಯ ಪದವಾಗಿಬಿಟ್ಟಿದೆ. ಬಜೆಟ್ಟಿಗೂ ರಜೆ ಅರ್ಜಿಗೂ ಅದೇ. ‘ಸಹಭಾಗಿತ್ವ’ವನ್ನು ಸರ್ಕಾರಿ ಯೋಜನೆಗಳು ಎಂದೋ ಕೆಡಿಸಿವೆ. ಸದ್ಯಕ್ಕೆ ‘ಸಮಭಾಗಿ’ ಎಂದು ತಿದ್ದಿದ್ದೇನೆ. ಲೇಖಕರು ಮುನಿಸಿಕೊಳ್ಳಬಹುದು, ಇರಲಿ.

ಒಂದು ತೊಡಕು ಉಳಿದಿದೆ. ಗಲ್ಲನ್ನು ಬಹಿರಂಗವಾಗಿ ವಿರೋಧಿಸಿಯೂ ಅದೇ ಸಮಾಜದಲ್ಲಿ ತೆರಿಗೆ ಕಟ್ಟಿ, ಮತ ಹಾಕಿ ಬದುಕುವವನು ಈ ನಾಲ್ವರಲ್ಲಿ ಯಾರೂ ಅಲ್ಲ. ಹಾಗೆಂದು ಪೂರ್ತಿ ಹೊರಗಿನವನೂ ಅಲ್ಲ. ಅವನಿಗೆ ಒಪ್ಪುವ ಪದ ಹಳಗನ್ನಡದಲ್ಲಾಗಲಿ ಆಡುಮಾತಿನಲ್ಲಾಗಲಿ ಇದ್ದರೆ, ಬಳಕೆಯ ಉದಾಹರಣೆಯೊಂದಿಗೆ ತಿಳಿಸಿ.