ಕಾರ್ಬನ್ ಪ್ರೈಸಿಂಗ್: ತೆರಿಗೆಯೋ, ಶುಲ್ಕವೋ, ಕರವೋ?

ಎಲ್ಲರಿಗೂ ನಮಸ್ಕಾರ.

ಕೆನಡಾದ ಹವಾಮಾನ ನೀತಿಯ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಕ್ಲೈಮೇಟ್’ಗೆ ಹವಾಮಾನವೋ ವಾಯುಗುಣವೋ ಎಂಬ ಹಳೆಯ ವಾದವನ್ನು ಎತ್ತುವುದಿಲ್ಲ. ಪಠ್ಯಪುಸ್ತಕ ಏನೇ ಹೇಳಲಿ, ಪತ್ರಿಕೆಗಳು ಹವಾಮಾನವನ್ನೇ ಗೆಲ್ಲಿಸಿಬಿಟ್ಟಿವೆ. ನನ್ನ ತೊಡಕು ‘ಕಾರ್ಬನ್ ಪ್ರೈಸಿಂಗ್’ ಎಂಬ ಮಾತಿನದು. ಇಂಗಾಲದ ಹೊಗೆ ಬಿಡುವುದನ್ನು ದುಬಾರಿಯಾಗಿಸಿ ಅದನ್ನು ತಗ್ಗಿಸುವ ಕ್ರಮಗಳಿಗೆಲ್ಲ ಇರುವ ಹೆಸರು ಅದು. ಇದಕ್ಕೆ ‘ಇಂಗಾಲ ತೆರಿಗೆ’ ಎಂದು ಬರೆದು ಮುಂದೆ ಹೋಗುವುದು ನಮ್ಮಲ್ಲಿ ರೂಢಿ. ಆದರೆ ಕೆನಡಾದ ವಿಷಯದಲ್ಲಿ ಹಾಗೆ ಬರೆದರೆ ಅನುವಾದಕ ತಿಳಿಯದೆಯೇ ಒಂದು ಪಕ್ಷದ ವಕಾಲತ್ತು ವಹಿಸಿದಂತಾಗುತ್ತದೆ.

ಅಲ್ಲಿನ ಜಗಳದ ಬಹುಭಾಗ ನಡೆದದ್ದೇ ಹೆಸರಿನ ಮೇಲೆ. 2018ರ ಕಾಯ್ದೆಯಂತೆ, ಸ್ವಂತ ವ್ಯವಸ್ಥೆ ಮಾಡಿಕೊಳ್ಳದ ಪ್ರಾಂತ್ಯಗಳಲ್ಲಿ ಇಂಧನದ ಮೇಲೆ 2019ರ ಏಪ್ರಿಲ್‌ನಿಂದ ಅದು ಉಗುಳುವ ಇಂಗಾಲದ ಡೈಆಕ್ಸೈಡಿನ ಟನ್ನಿಗೆ 20 ಡಾಲರ್ ಲೆಕ್ಕದಲ್ಲಿ ವಸೂಲಿ ಶುರುವಾಯಿತು. 2024ರಲ್ಲಿ ಅದು 80 ಡಾಲರ್ ಮುಟ್ಟಿತು. ಬಂಕಿನಲ್ಲಿ ಲೀಟರ್ ಪೆಟ್ರೋಲಿಗೆ ಸುಮಾರು 17.6 ಸೆಂಟ್. ಕಾಯ್ದೆ ಇದನ್ನು ಕರೆಯುವುದು ‘ಚಾರ್ಜ್’ ಎಂದು. ಕೆಲವು ಪ್ರಾಂತ್ಯಗಳು ಕೋರ್ಟಿಗೆ ಹೋದಾಗ, ಇದು ತೆರಿಗೆಯಲ್ಲ, ನಡವಳಿಕೆಯನ್ನು ತಿದ್ದಲು ಹಾಕಿದ ನಿಯಂತ್ರಣ ಶುಲ್ಕ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಬಹುಮತದ ತೀರ್ಪು ಕೊಟ್ಟಿತು. ಬಂದ ಹಣದಲ್ಲಿ ಶೇ 90ರಷ್ಟು ಮನೆಗಳಿಗೇ ಮರಳುತ್ತಿತ್ತು. ಆದರೂ ವಿರೋಧ ಪಕ್ಷದ ನಾಯಕ ಪಿಯರ್ ಪೊಲಿಯೆವ್ ‘ಆಕ್ಸ್ ದ ಟ್ಯಾಕ್ಸ್’ (ತೆರಿಗೆಗೆ ಕೊಡಲಿ ಹಾಕಿ) ಎಂಬ ಪ್ರಾಸವನ್ನು ಊರೂರಿಗೆ ಒಯ್ದರು. ಜನರ ಬಾಯಲ್ಲಿ ನಿಂತದ್ದು ಆ ಟ್ಯಾಕ್ಸೇ. ಸರ್ಕಾರದ ಜಾಣತನವನ್ನೂ ನೋಡಿ: ಖಾತೆಗೆ ಮರಳಿ ಬೀಳುತ್ತಿದ್ದ ದುಡ್ಡಿನ ಹೆಸರಿನಲ್ಲಿ ಕಾರ್ಬನ್ ಎಂಬ ಪದವೇ ಇರಲಿಲ್ಲ. ಕಿತ್ತುಕೊಂಡದ್ದು ಯಾರೆಂದು ಎಲ್ಲರಿಗೂ ಗೊತ್ತು, ಕೊಟ್ಟದ್ದು ಯಾತಕ್ಕೆಂದು ಗೊತ್ತಿಲ್ಲ! 2024ರಲ್ಲಿ ‘ಕೆನಡಾ ಕಾರ್ಬನ್ ರಿಬೇಟ್’ ಎಂದು ಮರುನಾಮಕರಣ ಮಾಡುವ ಹೊತ್ತಿಗೆ ಕಾಲ ಮಿಂಚಿತ್ತು. 2025ರ ಏಪ್ರಿಲ್ 1ರಿಂದ ಪ್ರಧಾನಿ ಮಾರ್ಕ್ ಕಾರ್ನಿ ಸರ್ಕಾರ ಗ್ರಾಹಕರ ಮೇಲಿನ ವಸೂಲಿಯನ್ನು ಸೊನ್ನೆಗೆ ಇಳಿಸಿತು. ದೊಡ್ಡ ಕಾರ್ಖಾನೆಗಳ ಮೇಲಿನದು ಉಳಿಯಿತು. ಅದು ಬಂಕಿನ ರಸೀದಿಯಲ್ಲಿ ಕಣ್ಣು ಚುಚ್ಚುವುದಿಲ್ಲವಲ್ಲ.

ನಮ್ಮ ಕಲ್ಲಿದ್ದಲಿನ ಕಥೆಯೂ ಹಾಗೆಯೇ. 2010ರಲ್ಲಿ ಟನ್ನಿಗೆ 50 ರೂಪಾಯಿ ಇದ್ದ ಸೆಸ್ 2016ರಲ್ಲಿ 400 ಆಯಿತು, ಮರುವರ್ಷ ಜಿಎಸ್‌ಟಿ ಪರಿಹಾರ ಸೆಸ್‌ನಲ್ಲಿ ಕರಗಿಹೋಯಿತು. ಕರೆಂಟು ಬಿಲ್ಲಿನಲ್ಲಿ ಆ ಹೆಸರು ಕಾಣದ್ದರಿಂದ ಜನ ಅದನ್ನು ಬೈಯಲೂ ಇಲ್ಲ.

ಇನ್ನು ಐರೋಪ್ಯ ಒಕ್ಕೂಟದ ಗಡಿ ವ್ಯವಸ್ಥೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ ಮುಂತಾದವನ್ನು ತರಿಸಿಕೊಳ್ಳುವ ಅಲ್ಲಿನ ಆಮದುದಾರರು 2026ರಿಂದ ತರಿಸಿಕೊಂಡ ಸರಕಿಗೆ, ಅದರ ತಯಾರಿಕೆಯಲ್ಲಿ ಎದ್ದ ಹೊಗೆಯ ಲೆಕ್ಕಕ್ಕೆ ಪ್ರಮಾಣಪತ್ರ ಕೊಳ್ಳಬೇಕು. ಇದು ಸುಂಕವಲ್ಲ, ಹೊಂದಾಣಿಕೆ ಎಂಬುದು ಒಕ್ಕೂಟದ ವಾದ. ಹೆಸರು ಏನೇ ಇರಲಿ, ಕೊನೆಗೆ ಹೊರೆ ತಮ್ಮ ತಲೆಗೇ ಎಂಬುದು ಇಲ್ಲಿನ ರಫ್ತುದಾರರ ದೂರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಪಾಡು ಅವರದು. ಬಳ್ಳಾರಿ ಕಡೆಯ ಓದುಗರಿಗೆ ಇದು ದೂರದ ಸುದ್ದಿಯಲ್ಲ, ಹಾಗಾಗಿ ಇಲ್ಲಿ ‘ಗಡಿ ಸುಂಕ’ ಎಂದು ಬರೆಯುವ ಆಸೆ ನನಗಿದೆ. ಭಾರತದ 2023ರ ಕಾರ್ಬನ್ ಕ್ರೆಡಿಟ್ ಯೋಜನೆಯನ್ನು ಮಾತ್ರ ತೆರಿಗೆ ಎನ್ನುವುದು ಶುದ್ಧ ತಪ್ಪು. ಅಲ್ಲಿ ಗುರಿಗಿಂತ ಕಡಿಮೆ ಹೊಗೆ ಬಿಟ್ಟ ಕಾರ್ಖಾನೆ ತನ್ನ ಉಳಿಕೆಯನ್ನು ಗುರಿ ಮುಟ್ಟದ ಕಾರ್ಖಾನೆಗೆ ಮಾರುತ್ತದೆ.

ಹಾಗಾದರೆ ಇವೆಲ್ಲಕ್ಕೂ ಸಲ್ಲುವ ಒಂದು ಮಾತು ಯಾವುದು? ‘ಇಂಗಾಲಕ್ಕೆ ಬೆಲೆ ಕಟ್ಟುವುದು’ ಎಂದರೆ ಅದೇನೋ ಅಮೂಲ್ಯ ವಸ್ತುವೆಂಬ ಧ್ವನಿ ಬರುತ್ತದೆ. ‘ಇಂಗಾಲ ದರ ನಿಗದಿ’ ನೀರಸ, ಆದರೆ ಯಾರ ಪರವೂ ಅಲ್ಲ. ಸದ್ಯಕ್ಕೆ ಅದನ್ನೇ ಇಟ್ಟುಕೊಂಡಿದ್ದೇನೆ. ಕೆನಡಾದ ‘ಚಾರ್ಜ್’ಗೆ ‘ಶುಲ್ಕ’ ಎನ್ನೋಣವೆಂದರೆ, ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ ಕಟ್ಟಿ ಅಭ್ಯಾಸವಾದ ಓದುಗರು ಪ್ರತಿಯಾಗಿ ಸಿಗುವ ಸೇವೆ ಯಾವುದು ಎಂದು ಕೇಳುತ್ತಾರೆ. ‘ದಂಡ’ ಎಂದರೆ ಪೆಟ್ರೋಲ್ ಹಾಕಿಸಿದವರೆಲ್ಲ ಅಪರಾಧಿಗಳು. ನನ್ನ ಒಲವು ‘ಇಂಗಾಲ ಕರ’ದ ಕಡೆಗೆ. ಆಸ್ತಿ ತೆರಿಗೆಯ ರಸೀದಿಯಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರ ಎಂದು ಬೇರೆ ಬೇರೆ ಸಾಲುಗಳಿರುತ್ತವೆ. ಒಂದು ಗೊತ್ತಾದ ಉದ್ದೇಶಕ್ಕೆ ಎತ್ತುವ ಹಣ ಎಂಬ ಭಾವ ಅಲ್ಲಿದೆ. ಆದರೆ ನಿಘಂಟು ತೆಗೆದರೆ ಕರ ಎಂದರೂ ತೆರಿಗೆಯೇ, ಕೆನಡಾದ ಕೋರ್ಟು ತೆಗೆದುಹಾಕಿದ್ದನ್ನು ನಾನು ಹಿಂಬಾಗಿಲಿನಿಂದ ತಂದಂತಾಗುತ್ತದೆಯೇ?

ಲೆಕ್ಕಪತ್ರ, ಕಂದಾಯ, ಕೋರ್ಟು ಕಚೇರಿಗಳಲ್ಲಿ ಕನ್ನಡ ಬಳಸಿ ಅನುಭವವಿದ್ದವರು ತೆರಿಗೆ, ಶುಲ್ಕ ಎರಡಕ್ಕೂ ಸಲ್ಲುವ ಇಂಗ್ಲಿಷಿನ ‘ಲೆವಿ’ ಎಂಬುದಕ್ಕೆ ಕಡತದಲ್ಲಿ ಏನು ಬರೆಯುತ್ತಿದ್ದಿರಿ ಎಂದು ದಯವಿಟ್ಟು ತಿಳಿಸಿ. ‘ಲೆವಿ’ಯನ್ನೇ ಇಟ್ಟುಕೊಳ್ಳಿ ಎನ್ನಬೇಡಿ, ಸರ್ಕಾರಕ್ಕೆ ಲೆವಿ ಭತ್ತ ಅಳೆದುಕೊಟ್ಟ ಹಿರಿಯರು ಆ ಪದ ಕಂಡರೆ ಲೇಖನವನ್ನು ಅಲ್ಲಿಗೇ ಮಡಚಿಡುತ್ತಾರೆ.